ಬೇಸಿಕ್ ಇಲ್ಲದ ಕಂಪ್ಯೂಟರು

ನನಗೊಂದು ಕೆಟ್ಟ ಚಾಳಿಯಿದೆ. ಅಂಗಡಿಯಲ್ಲಿ ಏನೇ ಕೊಂಡರೂ, ಅದು ಮಿಕ್ಸರೇ ಇರಲಿ, ಗೋಡೆ ಗಡಿಯಾರವೇ ಇರಲಿ, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತೇನೆ. ಆಮೇಲೆ ಅಂಗಡಿಯವನನ್ನು ಕೇಳುತ್ತೇನೆ: "ಇದರಾಗ ಏನೇನು ಇಲ್ರೀ?" ಏನೇನು ಇದೆ ಎಂದು ಕೇಳುವುದು ಎಲ್ಲರ ರೂಢಿ. ಅದನ್ನು ಅವನು ಕೇಳದಿದ್ದರೂ ಹೇಳುತ್ತಾನೆ. ಇಲ್ಲದ್ದನ್ನು ಹೇಳು ಎಂದರೆ ಮಾತ್ರ ಮುಖ ಸಣ್ಣದು ಮಾಡುತ್ತಾನೆ. ನನ್ನ ಜೊತೆ ಬಂದವರು ಅಷ್ಟೊತ್ತಿಗೆ ಬಾಜೂ ಅಂಗಡಿಯ ಮುಂದೆ ನಿಂತು, ಈ ಹೆಂಗಸು ಯಾರೋ ತಮಗೆ ಗೊತ್ತೇ ಇಲ್ಲ ಎಂಬಂತೆ ಆಕಾಶ ನೋಡುತ್ತಿರುತ್ತಾರೆ.

ಹೋದ ವಾರ ನಮ್ಮ ಓಣಿಯ ಕಂಪ್ಯೂಟರ್ ರಿಪೇರಿಯ ಶಿವಾನಂದ ನನ್ನ ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. ಪುಕ್ಕಟೆ ಸಿಗುವಂಥದು, ಯಾರ ಹಂಗೂ ಇಲ್ಲದ್ದು ಎಂದು ಬಾಯಿತುಂಬ ಹೊಗಳಿದ. ಎಲ್ಲ ಸರಿಯಿತ್ತು. ತಂಗಿಯ ಮೊಮ್ಮಗಳಿಗೆ ಹೆಸರಿಟ್ಟ ದಿನದ ವಿಡಿಯೊ ಹಚ್ಚಿದರೆ ಮಾತ್ರ ಕಪ್ಪು ಪರದೆ, ಒಳಗಿಂದ ಹೆಂಗಸರು ನಗುವ ಸದ್ದೂ ಇಲ್ಲ.

"ಅದನ್ನ ಆಡಸೂ ತುಣುಕು ಇದರೊಳಗ ಇರಂಗಿಲ್ರಿ ಟೀಚರ್," ಎಂದ ಶಿವಾನಂದ. "ಅದರ ಲೈಸನ್ಸ್ ಬ್ಯಾರೇದವರದು. ಇವರಿಗೆ ಜೋಡಿಗೆ ಕೊಡಾಕ ಬರಂಗಿಲ್ಲ. ಬೇಕಾದವರು ಆಮ್ಯಾಲೆ ತಾವ ಹಾಕ್ಕೋಬೇಕು."

ಎರಡು ನಿಮಿಷದಲ್ಲಿ ಅದನ್ನೂ ಹಾಕಿ, ಚಹಾ ಕುಡಿದು ಹೋದ. ವಿಡಿಯೊದಲ್ಲಿ ಕೂಸು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿತ್ತು. ನನಗೆ ನೋಡುತ್ತ ಕೂಡಲಿಕ್ಕಾಗಲಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ತಿರುಗಾಡಿದೆ. ಅವನು ಹೇಳಿದ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ, ಮತ್ತು ಅದು ಎರಡು ನಿಮಿಷದಲ್ಲಿ ಮುಗಿಯುವ ಮಾತಾಗಿರಲಿಲ್ಲ.

ತಿರುಗಾಟದ ಮಾತು ಬಂತು, ಹೇಳಿಬಿಡುತ್ತೇನೆ. ನಾನು ಒಂದು ಕಡೆ ಕೂತವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀ ಎಂದು ಅವ್ವ ಅನ್ನುತ್ತಿದ್ದಳು. ನವಲಗುಂದದ ಎರೆಮಣ್ಣಿನಲ್ಲಿ ಮಳೆಗಾಲಕ್ಕೆ ಒಂದು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಅಂಥ ಊರಿನಲ್ಲೂ ನಾನು ದಿನಕ್ಕೆ ಹತ್ತು ಸಲ ಓಣಿ ಸುತ್ತುತ್ತಿದ್ದೆ. ಚಪ್ಪಲಿಗಳು ಊರ ತುಂಬ ಹೂತುಹೋಗಿದ್ದವು. ನಮ್ಮ ಮನೆಯಲ್ಲಿ ನಾನು ಅಲುಗಾಡದೆ ಕೂಡುತ್ತಿದ್ದದ್ದು ರೇಡಿಯೋದ ಮುಂದೆ ಮಾತ್ರ.

ಲೈಸನ್ಸ್ ಎಂಬ ಶಬ್ದ ನನ್ನ ಕಿವಿಗೆ ಬಿದ್ದದ್ದೂ ಆ ರೇಡಿಯೋದಿಂದಲೇ. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಲೈಸನ್ಸ್ ಬೇಕಿತ್ತು, ವರ್ಷಕ್ಕೊಮ್ಮೆ ಪೋಸ್ಟಿನಲ್ಲಿ ಹಣ ಕಟ್ಟಿ ಅದನ್ನು ಮುಂದುವರಿಸಬೇಕಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಅಪ್ಪ ಕೋರ್ಟಿನಲ್ಲಿ ಕಾರಕೂನ. ಕಾಯ್ದೆ ಅಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಸಂಜೆ ವಾರ್ತೆಗೆ ಓಣಿಯ ಮಂದಿ ನಮ್ಮ ಕಟ್ಟೆಯ ಮೇಲೆ ಬಂದು ಕೂತರೆ ಅವನಿಗೆ ಚಡಪಡಿಕೆ ಶುರು. "ಒಳಗ ಬಂದು ಕೂಡ್ರಿ. ಲೈಸನ್ಸ್ ಮನೀದದ, ಕಟ್ಟೀದಲ್ಲ," ಎಂದು ಒಬ್ಬೊಬ್ಬರನ್ನೇ ಕರೆದು ಒಳಗೆ ಕೂಡಿಸುವನು. ಒಳಗೆ ಬಂದವರಿಗೆ ಚಹಾ ಕೊಡದೆ ಇರಲಿಕ್ಕಾಗುತ್ತದೆಯೇ? ಸರಕಾರದ ಲೈಸನ್ಸಿಗಿಂತ ನಿಮ್ಮ ಅಪ್ಪನ ಲೈಸನ್ಸೇ ತುಟ್ಟಿ ಎಂದು ಅವ್ವ ಒಲೆಯ ಮುಂದೆ ಗೊಣಗುತ್ತಿದ್ದಳು.

ಇಂಥ ಅಪ್ಪ ನನ್ನನ್ನು ಕಲಘಟಗಿಗೆ ಒಂಟಿಯಾಗಿ ಕಳಿಸಿದ್ದೇ ದೊಡ್ಡ ಮಾತು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಗಣಿತ ಟೀಚರ್ ಕೆಲಸ ಸಿಕ್ಕಿತ್ತು. ಬಸ್ ಹತ್ತಿಸುವಾಗ ಅಪ್ಪ ತನ್ನ ಕರಾರು ಹೇಳಿದ: "ದೀಪಾವಳಿತನಕ ನೋಡೋಣ. ಕಾಯಂ ಮಾಡಿದ್ರ ಇರು, ನಾ ಬ್ಯಾಡನ್ನೂದಿಲ್ಲ. ಮಾಡ್ಲಿಲ್ಲಂದ್ರ ಸುಮ್ಮನ ಬಂದುಬಿಡು. ಅಣ್ಣಿಗೇರಿಯವರು ನೋಡ್ಲಿಕ್ಕೆ ಬರ್ತೇವಿ ಅಂದಾರ."

ಅಣ್ಣಿಗೇರಿಯ ಆ ಹುಡುಗನನ್ನು ನಾನು ಕಂಡೇ ಇರಲಿಲ್ಲ. ಒಳ್ಳೆಯವನೇ ಇದ್ದಿರಬೇಕು, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನಗೆ ನನ್ನದೇ ಒಂದು ಖೋಲಿ ಬೇಕಿತ್ತು. ತಿಂಗಳ ಕೊನೆಗೆ ನನ್ನ ಕೈಗೇ ಬರುವ ಪಗಾರ ಬೇಕಿತ್ತು. ಬೇಕೆಂದಾಗ ಎದ್ದು ತಿರುಗಾಡಲು, ಎಲ್ಲಿಗೆ ಹೋದಿ ಎಂದು ಯಾರೂ ಕೇಳದ ಒಂದು ಊರು ಬೇಕಿತ್ತು. ಇದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಕಾಯಂ ಆಗಬೇಕು, ಅಷ್ಟೇ ನನಗೆ ತಿಳಿದಿದ್ದ ದಾರಿ.

ಕಲಘಟಗಿಯಲ್ಲಿ ನಾನು ಇಳಿದುಕೊಂಡದ್ದು ಗಂಗವ್ವನ ಮನೆಯಲ್ಲಿ. ಅವರದು ತೊಟ್ಟಿಲು ಮಾಡುವ ಮನೆತನ. ಗಂಡ, ಮೈದುನ ಕಟ್ಟಿಗೆ ಕೆತ್ತುವರು, ಬಣ್ಣ ಬರೆಯುವರು, ವ್ಯವಹಾರವೆಲ್ಲ ಗಂಗವ್ವನದು. ಮನೆಯ ಪಡಸಾಲೆಯ ತುಂಬ ಹಸಿ ಬಣ್ಣದ ತೊಟ್ಟಿಲುಗಳು ಹಗ್ಗದಲ್ಲಿ ನೇತುಬಿದ್ದಿದ್ದವು. ಅರಗಿನ ವಾಸನೆ ನನ್ನ ಸೀರೆಗೆ ಹತ್ತಿ, ಸಾಲಿಯ ಮಕ್ಕಳು ಕಣ್ಣು ಮುಚ್ಚಿಕೊಂಡೇ ಅಕ್ಕೋರು ಬಂದರು ಎನ್ನುತ್ತಿದ್ದರು. ತೊಟ್ಟಿಲು ಕೊಳ್ಳಲು ದೂರದಿಂದ ಮಂದಿ ಬರುವರು. ಬಂದವರಿಗೆ ಗಂಗವ್ವನ ಮೊದಲ ಮಾತು ಒಂದೇ: "ತೊಟ್ಟಿಲ ನಮ್ದು. ಸರಪಳಿ ಕಮ್ಮಾರಂದು. ಅದನ್ನ ನೀವ ನೋಡ್ಕೋಬೇಕು." ದೇವಿಕೊಪ್ಪದ ಮುದುಕರೊಬ್ಬರು ಮರುದಿನ ಹೆಸರಿಡುವ ಕೂಸಿಗೆ ತೊಟ್ಟಿಲು ಒಯ್ಯಲು ಬಂದು, ಸರಪಳಿ ಇಲ್ಲವೆಂದು ತಿಳಿದು ಅಂಗಳದಲ್ಲೇ ಕೂತುಬಿಟ್ಟರು. ತೊಟ್ಟಿಲಂದ ಮೇಲೆ ಸರಪಳಿ ಬಂದೇ ಬರುತ್ತದೆಂದು ಅವರು ತಿಳಿದಿದ್ದರು. ನಾನು ಅವರನ್ನು ನೋಡಿ ನಕ್ಕಿದ್ದೆ. ನಗುವ ಪಾಳಿ ನನ್ನದು ಅಷ್ಟಕ್ಕೇ ಮುಗಿಯಿತು.

ಏಕೆಂದರೆ ಮುಂದಿನ ವಾರವೇ ಸಾಲಿಗೆ ಕಂಪ್ಯೂಟರು ಬಂತು. ನಮ್ಮ ಸಾಲಿಯ ಚೇರ್ಮನ್ನರನ್ನು ಊರೆಲ್ಲ ಗೌಡ್ರು ಎಂದೇ ಕರೆಯುತ್ತಿತ್ತು. ಕಬ್ಬು, ಭತ್ತ, ದೊಡ್ಡ ಮನೆ, ದೊಡ್ಡ ದನಿ. ಅವರ ಅಳಿಯ ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥ, ಅವನೇ ಸಾಲಿಗೆ ದೇಣಿಗೆ ಕೊಟ್ಟದ್ದು. ಯಂತ್ರ ಟ್ರ್ಯಾಕ್ಟರಿನಲ್ಲಿ, ಹುಲ್ಲಿನ ಮೇಲೆ, ಕೂಸಿನಂತೆ ಮಲಗಿ ಬಂತು.

ಗೌಡ್ರು ನನ್ನನ್ನು ಕರೆದು ಹೇಳಿದರು: "ಅಕ್ಕೋರ, ಬ್ಯಾಸಗಿ ಸೂಟ್ಯಾಗ ಧಾರವಾಡಕ್ಕ ಹೋಗಿ ಇದನ್ನ ಕಲತು ಬಂದಾಕಿ ನೀವ ಒಬ್ಬಾಕಿ. ದೀಪಾವಳಿ ಸೂಟಿ ಬಿಡೂ ದಿವಸ ಕಮಿಟಿ ಕೂಡತೈತಿ. ಅವತ್ತು ನಮ್ಮ ಹುಡುಗೂರು ಇದರ ಮ್ಯಾಲೆ ಲೆಕ್ಕಾ ಮಾಡಿ ತೋರಿಸಬೇಕು. ತೋರಿಸಿದ್ರ ನಿಮ್ಮನ್ನ ಕಾಯಂ ಮಾಡೂ ವಿಚಾರ ನಾ ತಗೀತೀನಿ."

"ಆಗ್ಲಿರಿ," ಎಂದೆ. ಎನ್ನುವಾಗ ನನ್ನ ಕಾಲು ಆಗಲೇ ಕಂಪ್ಯೂಟರಿನ ಖೋಲಿಯತ್ತ ಹೊರಟಿತ್ತು.

ಇಲ್ಲಿ ಸ್ವಲ್ಪ ತಿಳಿಸಿ ಹೇಳಬೇಕು. ಬೇಸಿಕ್ ಎಂಬುದು ಆಗಿನ ಕಂಪ್ಯೂಟರಿನ ಒಂದು ಭಾಷೆ. ಆ ಭಾಷೆಯಲ್ಲಿ ಹೇಳಿದರೆ ಯಂತ್ರ ಲೆಕ್ಕ ಮಾಡುತ್ತದೆ. ಧಾರವಾಡದ ತರಬೇತಿಯಲ್ಲಿ ನಾವು ಮುಟ್ಟಿದ ಯಂತ್ರಗಳಲ್ಲಿ ಬಟನ್ ಒತ್ತಿದ ಕೂಡಲೇ ಬೇಸಿಕ್ ಎದುರಿಗೆ ಬಂದು ನಿಲ್ಲುತ್ತಿತ್ತು. ಅದು ಯಂತ್ರದ್ದೇ ಅಂಗವೆಂದು ನಾನು ತಿಳಿದಿದ್ದೆ. ಎತ್ತಿಗೆ ಬಾಲ ಬೇರೆ ಕೊಳ್ಳಬೇಕಾಗುತ್ತದೆಂದು ಯಾರಾದರೂ ತಿಳಿಯುತ್ತಾರೆಯೇ?

ನಮ್ಮ ಯಂತ್ರಕ್ಕೆ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಫ್ಲಾಪಿ ಬಂದಿತ್ತು. ಅದನ್ನು ತೂರಿಸಿ ಬಟನ್ ಒತ್ತಿದೆ. ಗುರ್ ಎಂದಿತು. ಪರದೆಯ ಮೇಲೆ ಎ ಅಕ್ಷರ, ಅದರ ಮುಂದೊಂದು ಬಾಣದ ಮೊನೆ ಮೂಡಿತು. ಹಿಂದೆ ಗೌಡ್ರು, ಕಿಟಕಿಯಲ್ಲಿ ಅರ್ಧ ಸಾಲಿ. ಎರಡು ಮತ್ತು ಎರಡು ಕೂಡಿಸಿ ತೋರಿಸು ಎಂದು ಬೇಸಿಕ್ಕಿನಲ್ಲಿ ಬರೆದೆ. "ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್" ಎಂದಿತು. ನೀನು ಹೇಳಿದ್ದು ನನಗೆ ಗೊತ್ತಿಲ್ಲ ಎಂದು ಅದರ ಅರ್ಥ. ಮತ್ತೆ ಬರೆದೆ, ಮತ್ತೆ ಅದೇ ಮಾತು. ಹತ್ತು ಬಗೆಯಲ್ಲಿ ಬರೆದೆ. ಹತ್ತೂ ಬಗೆಗೆ ಅದರದು ಅದೊಂದೇ ಉತ್ತರ.

"ಏನಂತೈತ್ರಿ ಅದು?" ಎಂದರು ಗೌಡ್ರು.

"ಊರು ಹೊಸಾದಲ್ರೀ. ಇನ್ನೂ ಹೊಂದ್ಕೋಬೇಕು," ಎಂದೆ.

"ಖರೆ ಐತಿ. ನಮ್ಮ ಮನೀಗೆ ಬಂದ ಹೊಸಾ ಆಕಳೂ ಹಂಗ ಮಾಡಿತ್ತು," ಎಂದು ಗೌಡ್ರು ಸಮಾಧಾನದಿಂದ ಹೋದರು. ನನಗೆಲ್ಲಿಯ ಸಮಾಧಾನ? ಮರುದಿನವೇ ರಜೆ ಹಾಕಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಮಿಶ್ರಿಕೋಟಿ ಬರುವಷ್ಟರಲ್ಲಿ ಎರಡು ಸಲ ಸೀಟು ಬದಲಿಸಿದ್ದೆ. ಸೀಟು ಬದಲಿಸಿದರೆ ಬಸ್ಸು ಬೇಗ ಹೋಗುವುದಿಲ್ಲವೆಂದು ಗಣಿತ ಟೀಚರಿಗೆ ಬೇರೆ ಯಾರು ಹೇಳಬೇಕು?

ಯಂತ್ರ ಮಾರಿದ ಅಂಗಡಿಯವನು ಕೆಟ್ಟವನಲ್ಲ. ಕುರ್ಚಿ ಕೊಟ್ಟ, ನಾನು ಕೂಡಲಿಲ್ಲ.

"ಬೇಸಿಕ್ ಬ್ಯಾರೆ ಬರತೈತ್ರಿ ಅಕ್ಕೋರ," ಎಂದ.

"ಧಾರವಾಡದಾಗ ಜೋಡೀನ ಇತ್ತಲ್ರೀ?"

"ಆ ಯಂತ್ರ ಮಾಡಿದವರು ಬೇಸಿಕ್ ಮಾಡಿದವರಿಗೆ ಮೊದಲ ರೊಕ್ಕಾ ಕೊಟ್ಟು, ಲೈಸನ್ಸ್ ತಗೊಂಡು ಒಳಗ ಕೂಡಿಸ್ಯಾರ್ರಿ. ನಿಮ್ಮ ಯಂತ್ರದವರು ಡಾಸ್ ಅಷ್ಟ ತಗೊಂಡಾರ, ಬೇಸಿಕ್ ಬಿಟ್ಟಾರ. ಅದಕ್ಕ ನಿಮ್ದು ಸೋವಿ. ಡಾಸ್ ಜೋಡಿ ಏನ ಕೊಡಬೇಕು, ಏನ ಬಿಡಬೇಕು ಅನ್ನೂದು ಅವರವರೊಳಗಿನ ಕರಾರು. ನಂದೇನಿಲ್ಲ ಅದರಾಗ."

"ನಿಮ್ಮ ಕಡೆ ಅದಲ್ಲ? ಒಂದು ಕಾಪಿ ಮಾಡಿ ಕೊಡ್ರಿ. ನಿಮ್ಮದೇನು ಕಡಿಮಿ ಆಗ್ತದ?"

"ಕಡಿಮಿ ಆಗಂಗಿಲ್ರಿ. ಆದ್ರ ಕೊಡಾಕ ಬರಂಗಿಲ್ಲ." ಅಂಗಡಿಯವನು ಅದರ ಬೆಲೆ ಹೇಳಿದ. ಅದನ್ನು ಕೇಳಿ ನಾನು ಕೊನೆಗೂ ಕುರ್ಚಿಯ ಮೇಲೆ ಕೂತೆ.

ಸಂಜೆ ಗಂಗವ್ವನ ಮುಂದೆ ಇದನ್ನೆಲ್ಲ ಒದರಿದೆ. ಸಾಫ್ಟ್‌ವೇರ್ ಅಂದರೇನೆಂದು ಅವಳಿಗೆ ತಿಳಿಸಲು ನನಗೆ ಹೊಳೆದದ್ದು ಹೆಪ್ಪು. ಬಾಜೂ ಮನೆಯಿಂದ ಒಂದು ಚಮಚ ಹೆಪ್ಪು ತಂದರೆ ನಮ್ಮ ಮನೆಯಲ್ಲಿ ಗಡಿಗೆ ಮೊಸರಾಗುತ್ತದೆ, ಕೊಟ್ಟವರ ಮೊಸರು ಹಾಗೇ ಇರುತ್ತದೆ. "ನೀ ಯಾರಿಗರೆ ಹೆಪ್ಪು ಇಲ್ಲ ಅಂದೀ ಏನು ಗಂಗವ್ವಾ?" ಎಂದು ಕೇಳಿದೆ, ಅಂಗಡಿಯವನ ಮೇಲಿನ ಸಿಟ್ಟಿನಲ್ಲಿ.

"ಅಂದೀನಿ. ದೀಪಾ ಹಚ್ಚಿದ ಮ್ಯಾಲೆ ಕೊಡಂಗಿಲ್ಲ," ಎಂದಳು ಗಂಗವ್ವ. "ಯಾಕ ಅಂತ ಕೇಳಬ್ಯಾಡ್ರಿ. ನಮ್ಮತ್ತಿ ಹೇಳ್ಯಾಳ."

ಅಂಗಡಿಯವನಿಗೂ ಅಂಥ ಒಬ್ಬಳು ಅತ್ತೆಯಿದ್ದಾಳೆ, ಬೇಸಿಕ್ ಮಾಡಿದ ಕಂಪನಿ ಎಂಬವಳು, ಅವಳಿರುವುದು ಸಮುದ್ರದಾಚೆ ಎಂದುಕೊಂಡೆ.

ನನ್ನ ಕಾಕಾ ಒಬ್ಬ ಹುಬ್ಬಳ್ಳಿಯ ದೊಡ್ಡ ಆಫೀಸಿನಲ್ಲಿದ್ದ. ಅಲ್ಲಿ ಬೇರೆ ಕಂಪನಿಯ ತುಟ್ಟಿ ಯಂತ್ರವಿತ್ತು, ಅದರ ಡಾಸ್ ಫ್ಲಾಪಿಯ ಜೊತೆಗೇ ಬೇಸಿಕ್ ಬಂದಿತ್ತು. ಕಾಕಾ ಸಾಹೇಬರನ್ನು ಕೇಳಿಯೋ ಕೇಳದೆಯೋ, ಅಂತೂ ಒಂದು ಪ್ರತಿ ಮಾಡಿ ಕೊಟ್ಟ. ಅದನ್ನು ಎದೆಗವಚಿಕೊಂಡು ಬಂದೆ. ಬಸ್ಸಿನ ಧಕ್ಕೆಗೆ ಬೇಸಿಕ್ ಉದುರಿ ಹೋದೀತು ಎಂಬಂತೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಸಾಲಿಗೆ ಬಂದು ಹಾಕಿದರೆ ಯಂತ್ರ ಬ್ಯಾಡ್ ಕಮಾಂಡ್ ಎಂದು ಕೂಡ ಅನ್ನಲಿಲ್ಲ. ಒಮ್ಮೆಲೇ ಕಲ್ಲಿನಂತೆ ನಿಂತುಬಿಟ್ಟಿತು. ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ. ಆರಿಸಿ ಮತ್ತೆ ಹಚ್ಚಿದೆ, ಮತ್ತೆ ಕಲ್ಲು.

ಪೋಸ್ಟ್ ಆಫೀಸಿಗೆ ಹೋಗಿ ಕಾಕಾಗೆ ಫೋನು ಮಾಡಿದೆ. ಅವನು ಯಾರನ್ನೋ ವಿಚಾರಿಸಿ ತಿಳಿಸಿದ. ಫ್ಲಾಪಿಯಲ್ಲಿ ಇದ್ದದ್ದು ಅರ್ಧ ಬೇಸಿಕ್ ಅಷ್ಟೇ. ಉಳಿದರ್ಧವನ್ನು ಆ ಕಂಪನಿಯವರು ತಮ್ಮ ಯಂತ್ರದೊಳಗಿನ ಚಿಪ್ ಎಂಬ ಒಂದು ಸಣ್ಣ ಬಿಲ್ಲೆಯಲ್ಲಿ ಹುದುಗಿಸಿ ಇಟ್ಟಿದ್ದಾರೆ. ಬೇರೆಯವರ ಯಂತ್ರದಲ್ಲಿ ಅದು ಆ ಅರ್ಧಕ್ಕಾಗಿ ಹುಡುಕಿ, ಸಿಗದೆ, ದಿಕ್ಕು ತಪ್ಪಿ ನಿಲ್ಲುತ್ತದೆ. "ಅದು ನಮ್ಮ ಮಷೀನಿಗಷ್ಟ ಹೊಂದೂದವಾ," ಎಂದ ಕಾಕಾ. ಹೆಪ್ಪು ಹೆಪ್ಪು ಎಂದು ಕುಣಿದಿದ್ದೆನಲ್ಲ, ಇದು ಅವರ ಗಡಿಗೆಯಲ್ಲಿ ಮಾತ್ರ ಹೆಪ್ಪುಗಟ್ಟುವ ಹೆಪ್ಪು.

ಕಮಿಟಿಗೆ ಒಂದು ವಾರವೂ ಉಳಿದಿರಲಿಲ್ಲ. ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆಯುವ ಖಡು ಚೂರುಚೂರಾಗುತ್ತಿತ್ತು. ಅಪ್ಪನ ಕಾರ್ಡು ಬಂತು: ಸೂಟಿ ಬಿಡುವ ದಿವಸ ತಾನೇ ಬಂದು ಕರೆದೊಯ್ಯುತ್ತೇನೆ, ಅಣ್ಣಿಗೇರಿಯವರಿಗೆ ಪಾಡ್ಯದ ಮರುದಿನ ಬರಲು ಹೇಳಿದ್ದೇನೆ ಎಂದು. ಓದಿ, ಮಡಚಿ, ಬಿಚ್ಚಿ, ಮತ್ತೆ ಓದಿದೆ. ಅಕ್ಷರ ಬದಲಾಗಲಿಲ್ಲ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಹೆದರಿಕೆಯಾಗಿತ್ತು. ಗಂಡಿನ ಹೆದರಿಕೆಯಲ್ಲ. ಒಮ್ಮೆ ನಮ್ಮ ಮನೆಯ ಚಾಪೆಯ ಮೇಲೆ ಅವರ ಮುಂದೆ ತಲೆ ಬಗ್ಗಿಸಿ ಕೂತೆನೆಂದರೆ ಮತ್ತೆ ಏಳಲಿಕ್ಕಾಗುವುದಿಲ್ಲ ಎಂಬ ಹೆದರಿಕೆ.

ಅಂದು ಸಂಜೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ಗೊತ್ತಿಲ್ಲದೆ ಹತ್ತಿರದ ಹೊಸ ತೊಟ್ಟಿಲನ್ನು ಕಾಲ್ಬೆರಳಿಂದ ತೂಗುತ್ತಿದ್ದೆ. ಗಂಗವ್ವ ಒಳಗಿಂದ ಓಡಿ ಬಂದಳು.

"ಖಾಲಿ ತೊಟ್ಟಿಲಾ ತೂಗಬಾರದ್ರಿ ಅಕ್ಕೋರ! ಎಷ್ಟ ಸಲ ಹೇಳಬೇಕು ನಿಮಗ?"

"ಕಾಲು ಸುಮ್ಮನಿರವಲ್ದು ಗಂಗವ್ವಾ."

"ಸುಮ್ಮನಿರದಿದ್ರ ಹಿಂಗ ಮಾಡ್ರಿ." ಒಳಗೆ ಹೋಗಿ ಮಸಾಲೆ ಅರೆಯುವ ಗುಂಡಕಲ್ಲು ತಂದು, ಒರೆಸಿ, ತೊಟ್ಟಿಲಲ್ಲಿ ಮಲಗಿಸಿದಳು. "ಈಗ ಬೇಕಾದಷ್ಟು ತೂಗ್ರಿ. ಹೆಸರಿಡೂ ದಿನಾನೂ ಕೂಸಿಗಿಂತ ಮೊದಲ ಗುಂಡಕಲ್ಲನ್ನ ಅಲ್ಲೇನ್ರಿ ಮಲಗಸೂದು? ತೊಟ್ಟಿಲಕ್ಕೇನು, ಒಳಗೊಂದು ಇದ್ದರಾತು."

ನಾನು ಗುಂಡಕಲ್ಲನ್ನು ತೂಗುತ್ತ ಕೂತೆ. ನಮ್ಮ ಕಡೆಯ ಹೆಂಗಸರೆಲ್ಲರಿಗೂ ಗೊತ್ತಿರುವ ಪದ್ಧತಿ ಅದು, ನಾನೇ ಎಷ್ಟೋ ತೊಟ್ಟಿಲುಗಳ ಕೆಳಗೆ ಕೈಚಾಚಿ ಆ ಕಲ್ಲನ್ನು ಇಸಿದುಕೊಂಡಿದ್ದೇನೆ. ಆದರೆ ಅಂದು ತೂಗುತ್ತ ತೂಗುತ್ತ ಒಂದು ವಿಚಾರ ಬಂತು. ಇಲ್ಲದ ಬೇಸಿಕ್ಕಿಗಾಗಿ ಹುಬ್ಬಳ್ಳಿಯ ತುಂಬ ಓಡಾಡಿದೆನಲ್ಲ, ಡಾಸ್ ಫ್ಲಾಪಿಯಲ್ಲಿ ಇದ್ದದ್ದೇನು ಎಂದು ನಾನು ನೆಟ್ಟಗೆ ನೋಡಿಯೇ ಇರಲಿಲ್ಲ.

ಮರುದಿನ ನೋಡಿದೆ. ಇದ್ದದ್ದು ಅಷ್ಟಕ್ಕಷ್ಟೇ. ಒಂದನ್ನು ಇನ್ನೊಂದಕ್ಕೆ ನಕಲು ಮಾಡುವುದು, ಹೆಸರು ಬದಲಿಸುವುದು, ಅಳಿಸುವುದು, ಪರದೆಯ ಮೇಲೆ ಒಂದೆರಡು ಸಾಲು ಮೂಡಿಸುವುದು. ಇವುಗಳಲ್ಲಿ ಬೇಕಾದ್ದನ್ನು ಸಾಲಾಗಿ ಬರೆದು ಒಂದು ಹೆಸರಿಟ್ಟು ಉಳಿಸಬಹುದಿತ್ತು. ಆ ಹೆಸರನ್ನು ಒತ್ತಿದರೆ ಡಾಸ್ ಅದನ್ನು ಹುಡುಕಿ, ಒಳಗೆ ಬರೆದದ್ದನ್ನು ಮಾಡುತ್ತದೆ. ಆ ಹೆಸರಿನದು ಇಲ್ಲದಿದ್ದರೆ ಬ್ಯಾಡ್ ಕಮಾಂಡ್ ಎನ್ನುತ್ತದೆ.

ನಾನು ಎದ್ದು ಖೋಲಿಯನ್ನು ಎರಡು ಸುತ್ತು ಹಾಕಿದೆ. ಏಳು ಎಂಟಲೆ ಎಷ್ಟು ಎಂಬ ಪ್ರಶ್ನೆ ತೋರಿಸುವ ಒಂದನ್ನು ಮಾಡಿದೆ. ಐವತ್ತಾರು ಎಂಬ ಅಂಕಿಯ ಹೆಸರಿನಲ್ಲೇ ಇನ್ನೊಂದನ್ನು ಮಾಡಿ, ಅದರೊಳಗೆ ಇಂಗ್ಲಿಷ್ ಅಕ್ಷರದಲ್ಲಿ ಶಾಬಾಸ್ ಎಂದು ಬರೆದೆ. ಈಗ ಪ್ರಶ್ನೆ ಕಂಡಾಗ ಐವತ್ತಾರು ಒತ್ತಿದರೆ ಯಂತ್ರ ಶಾಬಾಸ್ ಎನ್ನುವುದು! ಬೇರೆ ಏನು ಒತ್ತಿದರೂ, ನಾನೇನೂ ಮಾಡಬೇಕಿಲ್ಲ, ಡಾಸ್ ತನ್ನ ಹುಟ್ಟುಗುಣದಂತೆ ಬ್ಯಾಡ್ ಕಮಾಂಡ್ ಎನ್ನುವುದು. ನನ್ನನ್ನು ಮೂರು ವಾರ ಬೈದ ಮಾತನ್ನೇ ತಪ್ಪು ಉತ್ತರ ಕೊಟ್ಟವರನ್ನು ಬೈಯುವ ಕೆಲಸಕ್ಕೆ ಹಚ್ಚಿದೆ. ಕೂತು ಮಗ್ಗಿಯ ಪ್ರಶ್ನೆಗಳನ್ನೆಲ್ಲ ಹಾಗೆ ಮಾಡಿಟ್ಟೆ. ಮಕ್ಕಳು ನಾ ಮುಂದು ತಾ ಮುಂದು ಎಂದು ಬಂದು ಒತ್ತಿದರು. ಶಾಬಾಸ್ ಸಿಗಲೆಂದು ಹಿಂದಿನ ಬೆಂಚಿನವರೂ ಮಗ್ಗಿ ಬಾಯಿಪಾಠ ಮಾಡತೊಡಗಿದರು.

ಕಮಿಟಿಯ ದಿನ ಬಂತು. ಗೌಡ್ರು ರೇಷ್ಮೆ ರುಮಾಲು ಸುತ್ತಿಕೊಂಡು ಬಂದರು, ಜೊತೆಗೆ ಕಮಿಟಿಯ ಹಿರಿಯರು. ಅವರು ಕೂತ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅಪ್ಪ ಕಂಡ. ಮೊದಲು ಗಂಗವ್ವನ ಮನೆಗೆ, ನನ್ನ ಖೋಲಿಗೆ ಹೋಗಿದ್ದನಂತೆ. ನನ್ನ ಬಟ್ಟೆಬರೆಯೆಲ್ಲ ಟ್ರಂಕಿಗೆ ತುಂಬಿಸಿ, ಹಗ್ಗ ಬಿಗಿದು, ಆಳಿನ ತಲೆಯ ಮೇಲೆ ಹೊರಿಸಿಕೊಂಡೇ ಬಂದಿದ್ದ. ನಾಲ್ಕು ಗಂಟೆಗೆ ಬಸ್ಸು. ಟ್ರಂಕನ್ನು ಸಾಲಿಯ ಕಟ್ಟೆಯ ಮೇಲೆ ಇಳಿಸಿ, ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತ. ನಾನು ಅತ್ತ ನೋಡದಿರಲು ಬಹಳ ಕಷ್ಟಪಟ್ಟೆ.

ಮಕ್ಕಳು ಒಬ್ಬೊಬ್ಬರೇ ಬಂದು ಒತ್ತಿದರು. ಶಾಬಾಸ್, ಶಾಬಾಸ್. ಒಬ್ಬ ತಪ್ಪಿದ, ಬ್ಯಾಡ್ ಕಮಾಂಡ್ ಬಂತು, ಎಲ್ಲರೂ ನಕ್ಕರು. ಹಿರಿಯರು ತಲೆದೂಗಿದರು. ಗೌಡ್ರ ಮೀಸೆ ಅಗಲವಾಯಿತು. "ನಾನೂ ಒಂದು ಒತ್ತತೀನಿ," ಎಂದು ಎದ್ದು ಬಂದರು.

ಪರದೆಯ ಮೇಲೆ ಒಂಬತ್ತು ಏಳಲೆ ಎಷ್ಟು ಎಂಬ ಪ್ರಶ್ನೆಯಿತ್ತು. ಗೌಡ್ರು ಒಂದು ಬೆರಳಿನಿಂದ, ಬಾವಿಗೆ ಕಲ್ಲು ಹಾಕಿದಂತೆ, ಐವತ್ತಾರು ಒತ್ತಿದರು. ಯಂತ್ರ ಶಾಬಾಸ್ ಎಂದಿತು.

ಐವತ್ತಾರರ ಹೆಸರಿನದು ಒಳಗೆ ಇತ್ತಲ್ಲ, ಏಳು ಎಂಟಲೆಗೆಂದು ನಾನೇ ಮಾಡಿಟ್ಟದ್ದು! ಯಾವ ಪ್ರಶ್ನೆಗೆ ಎಂದು ಡಾಸ್ ಯಾಕೆ ನೋಡೀತು? ಹೆಸರು ಕೇಳಿದರು, ಹೆಸರಿತ್ತು, ಶಾಬಾಸ್. ಹಿರಿಯರು ಚಪ್ಪಾಳೆಗೆ ಕೈ ಎತ್ತಿದ್ದರು. ಸುಮ್ಮನಿದ್ದರೆ ಎಲ್ಲ ಮುಗಿದು ಹೋಗುತ್ತಿತ್ತು.

"ತಪ್ರೀ ಗೌಡ್ರ!" ಎಂಟನೆಯ ಇಯತ್ತೆಯ ನೀಲವ್ವ ಎದ್ದು ನಿಂತುಬಿಟ್ಟಳು. "ಒಂಬತ್ತೇಳ್ಲೆ ಅರವತ್ಮೂರ್ರೀ!"

ಗೌಡ್ರು ಒಮ್ಮೆ ಯಂತ್ರದ ಕಡೆ, ಒ‌ಮ್ಮೆ ನೀಲವ್ವನ ಕಡೆ ನೋಡಿ, ನನ್ನತ್ತ ತಿರುಗಿದರು. "ಅಕ್ಕೋರ, ಇದು ಶಾಬಾಸ್ ಅಂತೈತಿ. ಹುಡುಗಿ ತಪ್ಪು ಅಂತಾಳ. ಯಾರದು ಖರೆ?"

"ನೀಲವ್ವಂದು ಖರೆ ರೀ," ಎಂದೆ. ಬಾಯಿಂದ ಅದು ಬಿದ್ದ ಮೇಲೆ ಉಳಿದದ್ದನ್ನು ತಡೆಯಲಿಕ್ಕಾಗಲಿಲ್ಲ. ಯಂತ್ರಕ್ಕೆ ಲೆಕ್ಕ ಬರುವುದಿಲ್ಲ, ನಾನು ಇಟ್ಟ ಹೆಸರುಗಳನ್ನು ಹುಡುಕುತ್ತದಷ್ಟೇ, ಲೆಕ್ಕ ಮಾಡುವ ಬೇಸಿಕ್ ಇದರ ಜೊತೆ ಬಂದಿಲ್ಲ, ಅದರ ಲೈಸನ್ಸ್ ಬೇರೆ, ಅದನ್ನು ಹುಬ್ಬಳ್ಳಿಯಿಂದ ಕೊಂಡು ತರಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಅದರ ಬೆಲೆಯನ್ನೂ ಹೇಳಿದೆ.

ಹಿರಿಯರೊಬ್ಬರು ಬಾಯಿಗೆ ವಸ್ತ್ರ ಹಿಡಿದು ಕೆಮ್ಮಿದರು. ಗೌಡ್ರು ಯಂತ್ರದತ್ತ ಬೆರಳು ತೋರಿಸಿದರು.

"ಇದಕ್ಕ ಲೆಕ್ಕಾ ಬರಂಗಿಲ್ಲ," ಎಂದರು. "ನಮ್ಮ ಹುಡುಗಿಗೆ ಬರತೈತಿ. ಆಕಿಗೆ ಯಾರು ಕಲಿಸಿದ್ರು?"

"ನಾನ ಕಲಿಸೀನ್ರೀ."

"ಹಂಗಾರ ಖುಲ್ಲಾ ಮಾತು ಹೇಳತೀನಿ ಕೇಳ್ರಿ. ಕಮಿಟಿ ಕಡೆ ರೊಕ್ಕಾ ಒಂದಕ್ಕ ಐತಿ. ಇದಕ್ಕ ಆ ಬೇಸಿಕ್ ತರಬೇಕು, ಇಲ್ಲಾ ನಿಮ್ಮನ್ನ ಕಾಯಂ ಮಾಡಬೇಕು. ಎರಡೂ ಆಗಂಗಿಲ್ಲ. ಇದರ ಮರ್ಮ ಬಲ್ಲಾಕಿ ನೀವ ಒಬ್ಬಾಕಿ. ಯಾವುದು ಮಾಡೂಣು, ನೀವ ಹೇಳ್ರಿ."

"ನನ್ನ ಕಾಯಂ ಮಾಡ್ರಿ," ಎಂದೆ. ಅವರು ಕೊನೆಯ ಮಾತು ಮುಗಿಸಿರಲಿಲ್ಲ. ಒಂದು ಸೀರೆ ಆರಿಸಲು ಮೂರು ಅಂಗಡಿ ತಿರುಗುವವಳು ನಾನು. ಅಷ್ಟು ಬೇಗ ನಾನು ಅದಕ್ಕೆ ಮೊದಲು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ, ಆಮೇಲೂ ಕೊಟ್ಟಿಲ್ಲ.

ಗೌಡ್ರು ಗಹಗಹಿಸಿ ನಕ್ಕು, ಹಿರಿಯರ ಕಡೆ ತಿರುಗಿ, "ಬರಕೋರಿ," ಎಂದರು.

ಆ ಯಂತ್ರಕ್ಕೆ ಬೇಸಿಕ್ ಕೊನೆಗೂ ಬರಲಿಲ್ಲ. ಫ್ಲಾಪಿ ಸವೆದು ಅಳಿಸಿಹೋಗುವವರೆಗೆ ಅದು ಸರಿಗೂ ತಪ್ಪಿಗೂ ಶಾಬಾಸ್ ಎನ್ನುತ್ತಲೇ ಇತ್ತು. ನಾನು ಆ ಸಾಲಿಯಲ್ಲಿ ನಿವೃತ್ತಿಯಾಗುವವರೆಗೆ ಖಡು ಹಿಡಿದೇ ಗಣಿತ ಕಲಿಸಿದೆ. ಕಂಪ್ಯೂಟರಿಗೆ ಲೆಕ್ಕ ಕಲಿಸುವ ಸುಖ ನನಗೆ ಬಹಳ ಬೇಕಿತ್ತು, ಅದು ತಪ್ಪಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ಕೇಳಿದ್ದರಲ್ಲಿ ಒಂದೇ ಸಿಗುವುದೆಂದಾಗ ಯಾವುದು ನನ್ನ ಬಾಯಿಗೆ ಬಂತೋ ಅದರ ಬಗ್ಗೆ ಮಾತ್ರ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ಅಂದು ಎಲ್ಲರೂ ಎದ್ದು ಹೋದ ಮೇಲೆ ಹಿಂದಿನ ಬೆಂಚಿನಲ್ಲಿ ಅಪ್ಪ ಒಬ್ಬನೇ ಉಳಿದ. ನಾನು ಹತ್ತಿರ ಹೋದೆ. ಅಣ್ಣಿಗೇರಿಯವರ ಮಾತು ಎತ್ತುತ್ತಾನೆಂದು ನಿಂತೆ. ಅವನು ಎತ್ತಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ ಎದ್ದು ಹೊರಗೆ ಕಟ್ಟೆಗೆ ಹೋದ. ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಗಂಟು ಬಹಳ ಬಿಗಿದಿತ್ತು, ಬೆರಳಿಗೆ ಬರಲಿಲ್ಲ. ಕೋರ್ಟಿನ ಕಾರಕೂನ, ಕರಿ ಟೊಪ್ಪಿಗೆ, ಕೋಟು, ಮಂದಿ ಓಡಾಡುವ ದಾರಿಯಲ್ಲಿ ಬಗ್ಗಿ ಹಲ್ಲಿನಿಂದ ಹಗ್ಗ ಕಚ್ಚಿ ಎಳೆಯತೊಡಗಿದ.

"ಅಪ್ಪಾ, ಬಸ್ಸಿಗೆ ಹೊತ್ತಾತು," ಎಂದೆ.

"ಆಗ್ಲಿ," ಎಂದ, ಬಾಯಿಂದ ನಾರು ಉಗುಳುತ್ತ. "ಹಬ್ಬಕ್ಕ ಹೋಗಿ ಬರ್ಲಿಕ್ಕೆ ಟ್ರಂಕ್ ಯಾಕ? ಒಂದು ಕೈಚೀಲ ಸಾಕು."